ನನ್ನ ಮಾತು ಕೇಳದ ವಿಮಾನ

ಕೆಲವರು ಯಾವ ಕೆಲಸಕ್ಕೆ ಕೈ ಹಾಕಿದರೂ ಅದು ಸಲೀಸಾಗಿ ಮುಗಿದುಬಿಡುತ್ತೆ. ನಾನು ಮೈಮುರಿದು ಮಾಡಿದ ಕೆಲಸ ಮಾತ್ರ ಕಡೆಗೆ ಊರವರ ನಗೆಪಾಟಲಿನಲ್ಲೇ ಮುಗಿಯುತ್ತೆ. ಒಂದು ಊರಲ್ಲಿ ಹೀಗಾದರೆ ಗ್ರಹಚಾರ ಅಂದುಕೊಳ್ಳಬಹುದು. ಹೋದ ಹೋದ ಊರಲ್ಲೆಲ್ಲ ಆದರೆ ಏನನ್ನಬೇಕೋ ನನಗಿನ್ನೂ ಗೊತ್ತಾಗಿಲ್ಲ.

ನಾನು ಕೃಷಿ ಇಲಾಖೆಯಲ್ಲಿ ಅಸಿಸ್ಟೆಂಟಾಗಿದ್ದವನು. ಎಪ್ಪತ್ತರ ದಶಕದಿಂದ ಎಂಬತ್ತರ ದಶಕದವರೆಗೆ ಇಲಾಖೆ ನನ್ನನ್ನು ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ಅಂತ ನಾಲ್ಕು ತಾಲ್ಲೂಕುಗಳ ನಡುವೆ ಚೆಂಡಿನ ಹಾಗೆ ಒದ್ದು ಆಡಿಸಿತು. ಬೀಜ, ಗೊಬ್ಬರ, ಔಷಧಿ ಅಂತ ಹೇಳಿಕೊಂಡು ಹಳ್ಳಿಹಳ್ಳಿಗೆ ಸೈಕಲ್ ತುಳಿಯೋದು ನನ್ನ ಕೆಲಸ. ವಿಮಾನಕ್ಕೂ ನನಗೂ ಏನೇನೂ ಸಂಬಂಧವಿರಲಿಲ್ಲ. ಒಂದು ಸಲ ಬೆಂಗಳೂರಿಗೆ ಹೋದಾಗ ಹಳೇ ಪೇಪರ್ ಅಂಗಡಿಯಲ್ಲಿ ಒಂದು ವಿದೇಶಿ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲೊಂದು ಫೋಟೋ. ಒಬ್ಬ ಮುದುಕ ಪುಟ್ಟ ಪೆಟ್ಟಿಗೆ ಹಿಡಿದು ಬಯಲಲ್ಲಿ ನಿಂತಿದ್ದಾನೆ. ಪಕ್ಕದಲ್ಲಿ ಅವನ ಸೊಂಟದೆತ್ತರದ ವಿಮಾನ. ಪೆಟ್ಟಿಗೆಯ ಕಡ್ಡಿ ಆಡಿಸಿದರೆ ಸಾಕು, ತಂತಿಯಿಲ್ಲದೆ ಬರೀ ರೇಡಿಯೋ ಅಲೆಯಲ್ಲೇ ಅದು ಏಳುತ್ತೆ, ತಿರುಗುತ್ತೆ, ಇಳಿಯುತ್ತೆ. ಆ ಮುದುಕನ ಮುಖದಲ್ಲಿದ್ದ ನಗು ನೋಡಿ ನಾನು ಕೆಟ್ಟೆ. ನಾನೂ ಇಂಥದ್ದೊಂದು ಕಟ್ಟಬೇಕು, ಒಂದೇ ಒಂದು ಸಲ ಹಾರಿಸಿ ನೋಡಬೇಕು ಅನ್ನೋ ಹುಚ್ಚು ಹಿಡಿಯಿತು.

ಮನೆಗೆ ಬಂದು ಹೆಂಡತಿಗೆ ಫೋಟೋ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ," ಅಂದಳು. "ನಮ್ಮ ಮನೇಲಿ ಇನ್ನೂ ಫ್ಯಾನೇ ಇಲ್ಲ."

೧. ಹೋಗೋಕೊಂದು, ಬರೋಕೊಂದು

ಶುರುವಾದದ್ದು ಮಧುಗಿರಿಯಲ್ಲಿ. ಪತ್ರಿಕೆಯಲ್ಲಿ ಹೇಳಿದ್ದ ಹಗುರ ಮರದ ಹೆಸರನ್ನು ಊರಿನ ಮರದಂಗಡಿಯವನು ಕೇಳಿಯೇ ಇರಲಿಲ್ಲ. ಬಿದಿರು ಸೀಳಿ ರೆಕ್ಕೆಗೆ ಎಲುಬು ಮಾಡಿದೆ. ಟೀ ಪುಡಿ ತುಂಬಿ ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆಗಳನ್ನು ಬಿಚ್ಚಿ ಮೈ ಕಟ್ಟಿದೆ. ರೆಕ್ಕೆ ನಮ್ಮ ನಡುಮನೆಗಿಂತ ಉದ್ದವಾಗಿ, ಅದರ ತುದಿ ಬಾಗಿಲಾಚೆ ಇಣುಕುತ್ತಿತ್ತು. ಎಂಜಿನ್ನಿಗೆ ಇಲಾಖೆಯ ಹರಾಜಿನಲ್ಲಿ ಒಂದು ಹಳೇ ಪವರ್ ಸ್ಪ್ರೇಯರ್ ಕೊಂಡುಕೊಂಡೆ. ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಔಷಧಿ ಹೊಡೆಯೋ ಪೆಟ್ರೋಲ್ ಯಂತ್ರ ಅದು. ಮನೆಯೊಳಗೆ ಅದನ್ನು ಸ್ಟಾರ್ಟ್ ಮಾಡಿದ ಮೊದಲ ದಿನವೇ ಅದರ ಹೊಗೆಗೆ ಜಿರಳೆಗಳೆಲ್ಲ ಸತ್ತವು. ಈ ವಿಮಾನದಿಂದ ನನ್ನ ಹೆಂಡತಿಗೆ ಆದ ಉಪಕಾರ ಅದೊಂದೇ.

ಇನ್ನು ವಿಮಾನದ ಮೂತಿಯ ಫ್ಯಾನು, ಅಂದರೆ ಪ್ರೊಪೆಲ್ಲರು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಬಡಗಿ ಇದ್ದ. ತೊಟ್ಟಿಲು, ಬಾಗಿಲು, ನೇಗಿಲು ಎಲ್ಲದಕ್ಕೂ ಅವನೇ. ಅವನನ್ನು ಕೂರಿಸಿಕೊಂಡು ಚಿತ್ರ ಬರೆದು ವಿವರಿಸಿದೆ. ಈ ಕಡೆ ಎಲೆ ಹೀಗೆ ವಾರೆ ಇರಬೇಕು, ಆ ಕಡೆ ಎಲೆ ಅದಕ್ಕೆ ಉಲ್ಟಾ ವಾರೆ ಇರಬೇಕು, ಆಗ ಎರಡೂ ಸೇರಿ ವಿಮಾನವನ್ನು ಮುಂದಕ್ಕೆ ಎಳೆಯುತ್ತವೆ ಅಂತ. ಅವನು ತಲೆಯಾಡಿಸಿಕೊಂಡು ಹೋದ. ಆಮೇಲೆ ಒಂದು ದಿನ ಫ್ಯಾನು ತಂದುಕೊಟ್ಟ. ಮಗುವಿನ ಕೆನ್ನೆಯ ಹಾಗೆ ನುಣುಪು, ಮೇಲೆ ಪಾಲಿಶ್ ಬೇರೆ.

ಬೀದಿಯವರೆಲ್ಲ ಸೇರಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿದೆ. ಫ್ಯಾನು ಭರ್ರೆಂದು ಸುತ್ತಿತು. ಧೂಳು ಎದ್ದಿತು. ವಿಮಾನ ಮಾತ್ರ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮೈಮೇಲೆ ದೇವರು ಬಂದವರ ಹಾಗೆ ನಿಂತಲ್ಲೇ ಗಡಗಡ ನಡುಗಿತು. ನಿಲ್ಲಿಸಿ ನೋಡಿದರೆ ಎರಡು ಎಲೆಯನ್ನೂ ಒಂದೇ ಕಡೆಗೆ ವಾರೆ ಮಾಡಿದ್ದಾನೆ.

"ಏನಯ್ಯಾ ಇದು? ಒಂದು ಎಲೆ ಮುಂದಕ್ಕೆ ಎಳೀತದೆ, ಇನ್ನೊಂದು ಹಿಂದಕ್ಕೆ ನೂಕ್ತದೆ!"

"ಗೊತ್ತು ಸಾ," ಅಂದ, ಬೀಡಿ ಹಚ್ಚುತ್ತಾ. "ನೀವು ಬರೀ ಹೋಗಾದೊಂದೇ ಹೇಳಿದ್ರಿ. ವಾಪಸ್ ಬರಕ್ಕೂ ಒಂದು ಬೇಕಲ್ವಾ?"

೨. ಮೇಕೆಯ ಭವಿಷ್ಯ

ಫ್ಯಾನು ಸರಿ ಮಾಡಿಸುವಷ್ಟರಲ್ಲಿ ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಗೆ ವರ್ಗವಾಯಿತು. ಅಲ್ಲಿ ರೆಕ್ಕೆಗೆ ಬಟ್ಟೆ ಹೊದಿಸುವ ಕೆಲಸ. ಬಟ್ಟೆ ತೆಳ್ಳಗೆ, ಗಟ್ಟಿಯಾಗಿ ಇರಬೇಕು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ, ಹೆಂಡತಿಯ ವಾಯಿಲ್ ಸೀರೆ. ಕೇಳೋಕೆ ನನಗೆ ಬಾಯಿ ಬರಲಿಲ್ಲ. ಅವಳೇ ತಂದು ಮುಂದೆ ಹಾಕಿ, "ಅಂಚು ಮಾತ್ರ ಕೆಳಗಿಂದ ಕಾಣೋ ಹಾಗೆ ಹಾಕಿ. ಹಾರೋವಾಗ ನನ್ನದು ಅಂತ ಗೊತ್ತಾಗಲಿ," ಅಂದಳು.

ಮೈದಾ ಹಿಟ್ಟಿನ ಅಂಟು ಕಾಯಿಸಿ, ಸೀರೆಗೆ ಬಳಿದು ಬಿದಿರಿನ ಮೇಲೆ ಬಿಗಿಯಾಗಿ ಎಳೆದೆ. ಒಣಗಿದರೆ ತಮಟೆಯ ಹಾಗೆ ಆಗುತ್ತೆ ಅಂತ ಹಿತ್ತಿಲಲ್ಲಿ ಬಿಸಿಲಿಗಿಟ್ಟು ಹಳ್ಳಿಗೆ ಹೋದೆ. ಬಂದು ನೋಡಿದರೆ ಒಂದು ಕಡೆಯ ರೆಕ್ಕೆಯಲ್ಲಿ ಬರೀ ಎಲುಬು ಉಳಿದಿದೆ. ಬೇಲಿಯ ಹತ್ತಿರ ಒಂದು ಮೇಕೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದೆ. ಬಾಯಿಯಿಂದ ಸೀರೆಯ ಅಂಚು ನೇತಾಡುತ್ತಿದೆ.

ಮಾರನೇ ದಿನ ಬೆಳಿಗ್ಗೆ ಮೇಕೆಯ ಒಡತಿ ಬಂದಳು. ಊರಾಚೆ ಹಟ್ಟಿಯಲ್ಲಿ ಕುರಿ ಮೇಕೆ ಸಾಕಿಕೊಂಡಿದ್ದ ಅಜ್ಜಿ. ಮೇಕೆಯನ್ನೂ ಹೊಡೆದುಕೊಂಡೇ ಬಂದಿದ್ದಳು.

"ಏನ್ ಸಾಮಿ, ನನ್ ಮ್ಯಾಕೇಗೆ ಏನಿಕ್ಕಿದ್ರಿ? ನಿನ್ನೆಯಿಂದ ಹೊಟ್ಟೆ ಉಬ್ಬರ್ಸ್ಕಂಡೈತೆ."

"ನಾನೇನೂ ಇಕ್ಕಲಿಲ್ಲ ಕಣಮ್ಮ. ಅದೇ ಬಂದು ನನ್ನ ವಿಮಾನದ ರೆಕ್ಕೆ ತಿಂದುಹಾಕಿದೆ. ನಾನು ಯಾರಿಗೆ ಹೇಳಲಿ?"

ಅಜ್ಜಿ ಬಿದಿರಿನ ಎಲುಬು ನೋಡಿದಳು, ನನ್ನ ನೋಡಿದಳು. ಆಮೇಲೆ ಮೇಕೆಯ ಕಡೆ ತಿರುಗಿ ಸೆರಗಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯೋ ಸಿವ್ನೇ! ಇಮಾನದ ರೆಕ್ಕೆ ತಿಂದ್ಬುಟ್ಟೈತಾ? ಇನ್ನು ಇದ್ನ ಬಯಲಾಗೆ ಹೆಂಗ್ ಬುಡ್ಲಿ? ಎದ್ದು ಹಾರೋದ್ರೆ ನೀವ್ ಹಿಡ್ಕಂಡ್ ಬತ್ತೀರಾ?"

೩. ಸಿರಾ ಬಸ್ಸು

ಇನ್ನೊಂದು ಸೀರೆ ಹೋಗಿ, ರೆಕ್ಕೆ ಮತ್ತೆ ಸಿದ್ಧವಾಗುವ ಹೊತ್ತಿಗೆ ಸಿರಾಕ್ಕೆ ವರ್ಗ. ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ರೆಕ್ಕೆಯನ್ನು ಮಾತ್ರ ಲಾರಿಯಲ್ಲಿ ಹಾಕಲು ಮನಸ್ಸಾಗಲಿಲ್ಲ. ಮೇಲೆ ಮಂಚ ಬಿದ್ದರೆ ಮುಗಿದೇ ಹೋಯಿತಲ್ಲ. ತುಮಕೂರಿನಲ್ಲಿ ಸಿರಾ ಬಸ್ಸಿನ ಮೇಲೆ ಅಡ್ಡಡ್ಡಲಾಗಿ ಕಟ್ಟಿಸಿ, ನಾನು ಒಳಗೆ ಕೂತೆ.

ಹೈವೇಗೆ ಬಂದು ಬಸ್ಸು ವೇಗ ಹಿಡಿಯಿತು ನೋಡಿ, ಮೇಲೆ ಧಡಧಡ ಶುರುವಾಯಿತು. ರೆಕ್ಕೆ ಗಾಳಿ ಹಿಡಿದಿತ್ತು. ಹಗ್ಗ ಕಿರ್ ಅಂತಿದೆ, ಟಾಪು ಕುಣೀತಿದೆ. ಹಿಂದಿನ ಸೀಟಿನವನು ಕಿಟಕಿಯಿಂದ ತಲೆ ಹಾಕಿ ಮೇಲೆ ನೋಡಿ ಕೂಗಿದ. "ಲೇ, ಬಸ್ಸಿಗೆ ರೆಕ್ಕೆ ಕಟ್ಟವ್ರೆ ಕಣ್ಲಾ!"

ಎಲ್ಲರೂ ಎದ್ದು ನಿಂತರು. ಕಂಡಕ್ಟರು, "ಯಾರ್ರೀ ಮೇಲೆ ರೆಕ್ಕೆ ಹಾಕಿರೋರು?" ಅಂತ ಗದರಿದ. ನಾನು ತಪ್ಪು ಮಾಡಿದ ಹುಡುಗನ ಹಾಗೆ ಕೈಯೆತ್ತಿದೆ. ಡ್ರೈವರು ಸ್ಟೀರಿಂಗು ಗಟ್ಟಿಯಾಗಿ ಹಿಡಿದುಕೊಂಡು, "ನನ್ನ ಸರ್ವೀಸಲ್ಲೇ ಗಾಡಿ ಇಷ್ಟು ಹಗುರಾಗಿ ಹೋಗಿರ್ಲಿಲ್ಲ ಸಾರ್, ಭಯ ಆಯ್ತದೆ," ಅಂದು ವೇಗ ಇಳಿಸಿದ. ಎಷ್ಟು ಇಳಿಸಿದ ಅಂದರೆ ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟಿ, ಹಿಂತಿರುಗಿ ನೋಡಿ ನಕ್ಕು ಹೋದ. ಬಸ್ಸಿನ ತುಂಬ ನನಗೆ ಸಹಸ್ರನಾಮ.

ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಕುಕ್ಕೆಯನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಕಂಡಕ್ಟರನ ತೋಳು ಹಿಡಿದೆಳೆದು ಮೆಲ್ಲಗೆ ಹೇಳಿದಳು.

"ಅಪ್ಪಾ, ನಂದು ಕಳ್ಳಂಬೆಳ್ಳ. ಮ್ಯಾಲಿಂದ ಇಳ್ಸ್ಬ್ಯಾಡ, ಬಸ್ನ ನೆಲುಕ್ಕೆ ತಂದು ಇಳ್ಸು."

೪. ವಿಮಲಾ

ಸಾಮಾನೆಲ್ಲ ಸಿರಾದ ಆಫೀಸಿನ ಗೋದಾಮಿನಲ್ಲಿ ಇಳಿಸಿ, ಬಾಡಿಗೆ ಮನೆ ನೋಡಲು ಹೆಂಡತಿಯ ಜೊತೆ ಹೋದೆ. ಮನೆ ಮಾಲೀಕರು ವಯಸ್ಸಾದ ಸಾಬರು. ಕಿವಿ ಸ್ವಲ್ಪ ಮಂದ, ಮಾತು ಬಹಳ ಮರ್ಯಾದೆ.

"ಮನೇಲಿ ಎಷ್ಟು ಮಂದಿ ಇರ್ತೀರಿ?"

"ನಾವಿಬ್ಬರೇ. ಜೊತೆಗೆ ಒಂದು ವಿಮಾನ."

"ವಿಮಲಾ? ಯಾರು, ತಂಗಿಯಾ?"

ನಾನು ಜೋರಾಗಿ ವಿಮಾನ, ವಿಮಾನ ಅಂತ ಕೂಗಿ, ಎರಡು ಕೈ ಚಾಚಿ ಹಾರೋ ಹಾಗೆ ತೋರಿಸಿದೆ. ಅವರಿಗೆ ಇನ್ನೂ ಗೊಂದಲವಾಯಿತು. ವಿಮಲಾಗೆ ಏನೋ ಕಾಯಿಲೆ ಅಂದುಕೊಂಡು ಪಾಪ ಅಂತ ಹೆಂಡತಿಯ ಕಡೆ ನೋಡಿದರು.

"ತಂಗಿ ಅಲ್ಲ ಸಾಹೇಬ್ರೇ," ಅಂದಳು ನನ್ನಾಕೆ. "ಸವತಿ."

೫. ಎಲ್ಲಾ ಮಾತು ಕೇಳ್ತಿದೆ

ವಿಮಾನವನ್ನು ನಡೆಸುವ ರೇಡಿಯೋ ಸೆಟ್ಟನ್ನು ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ತಂದಿದ್ದೆ. ವಿದೇಶದ್ದು, ಆದರೆ ಕೆಟ್ಟಿತ್ತು. ಸಿರಾ ಪೇಟೆಯಲ್ಲಿ ಒಬ್ಬ ರೇಡಿಯೋ ಮೆಕ್ಯಾನಿಕ್ ಸಾಬರು ಅದನ್ನು ರಿಪೇರಿ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡರು. ತಿಂಗಳುಗಟ್ಟಲೆ ಅಲೆದೆ. ಹೋದಾಗಲೆಲ್ಲ, "ಫಿಕರ್ ಮಾಡ್ಬೇಡಿ ಸಾರ್, ಜುಮ್ಮಾ ಕಳೀಲಿ," ಅನ್ನೋರು. ಎಷ್ಟೋ ಶುಕ್ರವಾರದ ಜುಮ್ಮಾ ಕಳೆದವು.

ಕಡೆಗೊಂದು ದಿನ ಸೆಟ್ಟು ರೆಡಿ ಅಂತ ಹೇಳಿಕಳಿಸಿದರು. ದಿಕ್ಕು ತಿರುಗಿಸುವ ಹಲಗೆ ಇದ್ದ ವಿಮಾನದ ಹಿಂದಿನ ಭಾಗ ಹೊತ್ತುಕೊಂಡು ಹೋದೆ. ಸಾಬರು ಸೆಟ್ಟಿನ ಒಂದು ತುಂಡನ್ನು ಅದರೊಳಗೆ ಕೂರಿಸಿ ಅಂಗಡಿ ಮುಂದೆ ಇಟ್ಟು, ಕೈಯಲ್ಲಿದ್ದ ಪೆಟ್ಟಿಗೆಯ ಕಡ್ಡಿ ತಳ್ಳಿದರು. ವಿಮಾನದಲ್ಲಿ ಒಂದು ಕಡ್ಡಿಯೂ ಅಲುಗಲಿಲ್ಲ. ಪಕ್ಕದ ಹೋಟೆಲಿನಲ್ಲಿ ಮಾತ್ರ ರೇಡಿಯೋ ಕರ್‍ರ್ ಅಂತು. ಅಲ್ಲಿ ಕ್ರಿಕೆಟ್ ಕಾಮೆಂಟರಿ ನಡೀತಿತ್ತು. ಪಂದ್ಯ ಮುಗಿಯುವ ಹೊತ್ತು, ಜನ ಟೀ ಲೋಟ ಹಿಡಿದು ರೇಡಿಯೋಗೆ ಕಿವಿಯಿಟ್ಟು ನಿಂತಿದ್ದರು. ಸಾಬರು ಮತ್ತೆ ಕಡ್ಡಿ ತಳ್ಳಿದರು. ಮತ್ತೆ ಕರ್‍ರ್. ಹೋಟೆಲಿನವನು ರೇಡಿಯೋ ತಲೆಗೆ ಎರಡು ಬಡಿದ. ಎದುರಿನ ದರ್ಜಿಯ ಅಂಗಡಿಯಲ್ಲೂ ಕರ್‍ರ್, ಬಳೆ ಅಂಗಡಿಯಲ್ಲೂ ಕರ್‍ರ್. ಬೀದಿಯಲ್ಲೆಲ್ಲ ರೇಡಿಯೋಗಳಿಗೆ ಏಟು ಬೀಳುತ್ತಿವೆ. ಅಷ್ಟರಲ್ಲಿ ಯಾರೋ ನಮ್ಮ ಪೆಟ್ಟಿಗೆಯಿಂದ ಎದ್ದು ನಿಂತಿದ್ದ ಉದ್ದ ಆಂಟೆನಾವನ್ನು ನೋಡಿಬಿಟ್ಟರು. ಹೋಟೆಲಿಂದ ಜನ ನುಗ್ಗಿ ಬಂದರು.

ಸಾಬರು ಪೆಟ್ಟಿಗೆಯನ್ನು ಗೋಣಿಚೀಲದಡಿ ತಳ್ಳಿ, ಶಟರ್ ಎಳೆಯುತ್ತಾ ನನ್ನ ಕಿವಿಯಲ್ಲಿ ಹೇಳಿದರು.

"ಸೆಟ್ಟು ಬರೋಬ್ಬರ್ ಆಗಿದೆ ಸಾರ್. ಬಜಾರಲ್ಲಿ ಇರೋದೆಲ್ಲಾ ಮಾತು ಕೇಳ್ತಿದೆ. ಬಾಕಿ ಇರೋದು ನಿಮ್ಮ ವಿಮಾನ ಒಂದೇ."

೬. ಮೇಲಕ್ಕ್ಯಾಕೆ?

ಆಮೇಲೆ ಮೆಕ್ಯಾನಿಕ್ ಸಾಬರು ಆ ಸೆಟ್ಟನ್ನು ನಿಜಕ್ಕೂ ಸರಿ ಮಾಡಿದರು. ಬೇಸಿಗೆಯಲ್ಲಿ ಕಳ್ಳಂಬೆಳ್ಳದ ಕೆರೆ ಒಣಗಿದಾಗ ಕೆರೆಯಂಗಳಕ್ಕೆ ಗಾಡಿಯಲ್ಲಿ ವಿಮಾನ ಸಾಗಿಸಿದೆ. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ಓಡಿತು. ಏಳು ಅಂದರೆ ಮಾತ್ರ ಏಳಲಿಲ್ಲ. ಟೀ ಪೆಟ್ಟಿಗೆಯ ಭಾರ, ಹಳೇ ಎಂಜಿನ್ನಿನ ಸೋಮಾರಿತನ. ಬಿಸಿಲೇರುವವರೆಗೂ ಓಡಿಸಿ ಓಡಿಸಿ ಪೆಟ್ರೋಲ್ ಮುಗಿಯಿತು. ನಾನು ಬಿರುಕುಬಿಟ್ಟ ಮಣ್ಣಿನ ಮೇಲೆ ಕುಕ್ಕರಿಸಿಬಿಟ್ಟೆ. ಇಷ್ಟು ವರ್ಷ, ಇಷ್ಟು ಸೀರೆ, ಇಷ್ಟು ಊರು ಕಳೆದು ನಾನು ಮಾಡಿದ್ದು ಒಂದು ತಳ್ಳುಗಾಡಿ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ದನ ಕಾಯುತ್ತಿದ್ದ ಒಬ್ಬ ಮುದುಕ ಬಂದು ಪಕ್ಕದಲ್ಲೇ ಕೂತು, ಸಮಾಧಾನ ಹೇಳಿದ.

"ನೆಲ್ದ ಮ್ಯಾಲೆ ಇಷ್ಟು ಚೆಂದಾಗಿ ಓಡ್ತೈತಲ್ಲ ಸಾ, ಮ್ಯಾಲಕ್ಕ್ಯಾಕೆ? ಅಲ್ಲೇನು ಊರೈತಾ, ಸಂತೆ ಐತಾ?"

೭. ಗಡಿಯಾಚೆ

ಕಡೆಯದು ವೈ.ಎನ್.ಹೊಸಕೋಟೆ. ಪಾವಗಡ ತಾಲ್ಲೂಕಿನ ಅಂಚು. ಅಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತೆ. ಅಲ್ಲಿಗೆ ಹೋದ ಮೇಲೆ ವಿಮಾನದ ಮೈ ಕೆತ್ತಿ ಕೆತ್ತಿ ಹಗುರ ಮಾಡಿದ್ದೆ. ಎಂಜಿನ್ನಿಗೆ ಹೊಸ ಪ್ಲಗ್ಗು ಹಾಕಿ, ಕಿಡಿ ಜೋರಾಗಿ ಹಾರೋ ಹಾಗೆ ಮಾಡಿಸಿದ್ದೆ. ಆದರೆ ಹಾರಿಸಿ ನೋಡೋ ಧೈರ್ಯ ಮಾತ್ರ ಸತ್ತುಹೋಗಿತ್ತು. ಅದು ನಡುಮನೆಯಲ್ಲಿ ನಿಂತಿರುತ್ತಿತ್ತು. ಹೆಂಡತಿ ಅದರ ರೆಕ್ಕೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು.

ಆ ವರ್ಷ ಕಡಲೆಕಾಯಿಗೆ ಕಂಬಳಿಹುಳ ಬಿದ್ದಿತ್ತು. ಹುಳದ ಸಮಾಚಾರ ನೋಡಲು ಬಂದ ನಮ್ಮ ತಾಲ್ಲೂಕಿನ ಸಾಹೇಬರು ಕಾಫಿಗೆ ಅಂತ ಮನೆಗೆ ಬಂದವರು, ಹಪ್ಪಳದ ಕೆಳಗಿದ್ದ ವಿಮಾನ ನೋಡಿ ನಿಂತುಬಿಟ್ಟರು.

"ಏನ್ರೀ ಇದು! ಇದರಲ್ಲಿ ಔಷಧಿ ಹೊಡೆದರೆ ಇಡೀ ಜಿಲ್ಲೆಗೇ ಹೆಸರು. ರೈತರನ್ನೆಲ್ಲ ಕರೆಸಿ, ಪ್ರಾತ್ಯಕ್ಷಿಕೆ ಮಾಡೋಣ."

"ಸಾರ್, ಇದು ಇನ್ನೂ ಒಂದು ಸಲವೂ ಹಾರಿಲ್ಲ."

"ಹಾರಿಸಿ. ಅದು ಹಾರದಿದ್ದರೆ ನಿಮ್ಮನ್ನ ಬೀದರಿಗೆ ಹಾರಿಸ್ತೀನಿ."

ಹೇಳಿದ ದಿನ ಬೆಳಿಗ್ಗೆ ಊರಾಚೆಯ ಬೀಳು ಹೊಲದಲ್ಲಿ ಸುತ್ತಲ ಹಳ್ಳಿಗಳ ಜನ ಸೇರಿದ್ದರು. ಒಬ್ಬ ರೈತ ತನ್ನ ಹೊಲಕ್ಕೇ ಮೊದಲು ಹೊಡೀಲಿ ಅಂತ ಔಷಧಿ ಡಬ್ಬ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ. ಸಾಹೇಬರು ವಿಜ್ಞಾನದ ಬಗ್ಗೆ ಉದ್ದ ಭಾಷಣ ಮಾಡಿದರು. ನಾನು ಮನಸ್ಸಿನಲ್ಲೇ ಬೀದರಿಗೆ ಸಾಮಾನು ಕಟ್ಟುತ್ತಿದ್ದೆ. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು.

ಎಂಜಿನ್ ಸ್ಟಾರ್ಟ್ ಮಾಡಿದೆ. ವಿಮಾನ ಓಡಿತು, ಓಡಿತು, ಓಡುತ್ತಾ ಓಡುತ್ತಾ ಗೊತ್ತೇ ಆಗದ ಹಾಗೆ ನೆಲ ಬಿಟ್ಟಿತು.

ನನಗೆ ನಂಬಿಕೆಯೇ ಬರಲಿಲ್ಲ. ಸೀರೆಯ ಅಂಚು ಬಿಸಿಲಿಗೆ ಹೊಳೆಯುತ್ತಾ ಜನರ ತಲೆಯ ಮೇಲೆ ಹಾದುಹೋಯಿತು. ಎಲ್ಲರೂ ಹೋ ಅಂತ ಕೂಗಿದರು. ಸಾಹೇಬರು ತಾವೇ ಹಾರಿದ ಹಾಗೆ ಕೈ ಬೀಸಿದರು. ನಾನು ತಿರುಗಿಸಲು ಕಡ್ಡಿಯನ್ನು ಎಡಕ್ಕೆ ತಳ್ಳಿದೆ. ತಿರುಗಲಿಲ್ಲ. ಬಲಕ್ಕೆ ತಳ್ಳಿದೆ. ತಿರುಗಲಿಲ್ಲ. ನೇರವಾಗಿ, ನೆಮ್ಮದಿಯಾಗಿ, ಮನೆಗೆ ಹೋಗುವ ಕೊಕ್ಕರೆಯ ಹಾಗೆ ಆಂಧ್ರದ ಕಡೆ ಹೊರಟಿತು.

"ಎಷ್ಟು ಚೆನ್ನಾಗಿ ಹೋಗ್ತಿದೆ ಅಲ್ವಾ ರೀ?" ಅಂದಳು ಹೆಂಡತಿ.

"ಹೋಗ್ತಿದೆ. ಆದರೆ ನಾನು ಹೇಳಿದ್ದು ಒಂದೂ ಕೇಳ್ತಿಲ್ಲ ಕಣೇ."

"ಅಭ್ಯಾಸ ಆಗುತ್ತೆ ಬಿಡಿ. ನನಗೆ ಆಗಲಿಲ್ವಾ?"

ವಿಮಾನ ಚುಕ್ಕೆಯಾಗಿ ಮಾಯವಾಯಿತು. ಡಬ್ಬ ಹಿಡಿದ ರೈತ ಸಾಹೇಬರ ಮುಂದೆ ಬಂದು ನಿಂತ. "ಹುಳ ಇಲ್ಲಿ ಐತೆ ಸಾ. ಅದು ಅತ್ಲಾಗೆ ಹೋತಲ್ಲ?"

ಸಾಹೇಬರು ನನ್ನನ್ನು ಜೀಪಿಗೆ ಹತ್ತಿಸಿದರು. ಗಡಿ ಅಂದರೆ ಅಲ್ಲಿ ಒಂದು ಒಣ ಹಳ್ಳ, ಅಷ್ಟೇ. ಅದನ್ನು ದಾಟಿ ಹೊಲಹೊಲದಲ್ಲಿ ಕೇಳುತ್ತಾ ಹೋದೆವು. ಮಧ್ಯಾಹ್ನದ ಹೊತ್ತಿಗೆ ಒಂದು ಹಳ್ಳಿಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ತಲೆಯೆತ್ತದೆ ಹೇಳಿದಳು. "ಒಚ್ಚಿಂದಿ. ಶೇನಿಲೋ ಪಡಿಂದಿ. ದೊಡ್ಡಿಲೋ ಏಸಿನಾರು." ಬಂತು, ಹೊಲದಲ್ಲಿ ಬಿತ್ತು, ದೊಡ್ಡಿಗೆ ಹಾಕಿದಾರೆ!

ಪರರ ಬೆಳೆ ಮೇಯ್ದ ದನಗಳನ್ನು ಹಿಡಿದು ಕೂಡಿಹಾಕುವ ದೊಡ್ಡಿ ಅದು. ಹೋಗಿ ನೋಡಿದೆವು. ಒಂದು ಎಮ್ಮೆ, ಎರಡು ಕತ್ತೆ, ಅವುಗಳ ನಡುವೆ ನನ್ನ ವಿಮಾನ. ಒಂದು ರೆಕ್ಕೆ ಮುರಿದಿತ್ತು. ಕುತ್ತಿಗೆಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ್ದರು. ಮುಂದೆ ಒಂದು ಹಿಡಿ ಹುಲ್ಲು, ಒಂದು ಬಾನಿ ನೀರು.

ದೊಡ್ಡಿ ಕಾಯುವವನು ಬಿಳಿ ಮೀಸೆಯ, ಬಲು ಗಂಭೀರದ ಮನುಷ್ಯ.

"ನಮ್ಮೂರ ರೈತನ ಕಡಲೆಕಾಯಿ ಗಿಡ ಸಾಲುಸಾಲೇ ಮುರಿದೈತೆ ಸಾರ್," ಅಂದ. "ಬೆಳೆ ಹಾಳು ಮಾಡಿದ್ದು ಯಾವುದೇ ಆಗ್ಲಿ, ದೊಡ್ಡಿಗೆ ಕಟ್ಟೋದು ರೂಲು. ದೊಡ್ಡಿಗೆ ಬಂದದ್ದಕ್ಕೆ ಮೇವು ಇಡೋದೂ ರೂಲು. ಇಟ್ಟೆ. ತಿನಲೇದು, ತಿನ್ನಲಿಲ್ಲ."

"ರೀ, ಅದು ವಿಮಾನ!" ಅಂತ ಸಾಹೇಬರು ಕಿರುಚಿದರು. "ನಾನು ಗೆಜೆಟೆಡ್ ಆಫೀಸರು. ಇದು ಇವರದ್ದು. ಬಿಚ್ಚಿ ಕೊಡಿ."

"ಬಾಯಿ ಮಾತಿಗೆ ಬಿಚ್ಚೋದಿಲ್ಲ ಸಾರ್. ಹಿಂದೆ ಒ‌ಬ್ಬ ನಂದು ಅಂತ ಹೇಳಿ ಇನ್ನೊಬ್ಬನ ಎಮ್ಮೆ ಹೊಡ್ಕೊಂಡು ಹೋದ. ಅವತ್ತಿಂದ ನಂದೊಂದೇ ಪರೀಕ್ಷೆ. ಯಜಮಾನ ಕರೀಬೇಕು, ಪಶು ಗುರುತು ಹಿಡೀಬೇಕು. ಕರೀರಿ, ನೋಡೋಣ."

ಅಷ್ಟರಲ್ಲಿ ಅರ್ಧ ಊರು ದೊಡ್ಡಿಯ ಗೋಡೆ ಹತ್ತಿ ಕೂತಿತ್ತು. ಸಾಹೇಬರು ಹಣೆ ಹಿಡಿದುಕೊಂಡು ಜೀಪಿನ ಬಾನೆಟ್ಟಿಗೆ ಒರಗಿದರು. ನನಗೆ ಸಿಟ್ಟಿಲ್ಲ, ನಾಚಿಕೆಯಿಲ್ಲ, ಏನೂ ಉಳಿದಿರಲಿಲ್ಲ. ಬೇರೇನೂ ತೋಚದೆ ಜೀಪಿನಿಂದ ಪೆಟ್ಟಿಗೆ ತಂದು, ಸ್ವಿಚ್ ಹಾಕಿ, ಕಡ್ಡಿಯನ್ನು ಎಡಕ್ಕೆ ತಳ್ಳಿದೆ.

ವಿಮಾನದ ಹಿಂದೆ, ದಿಕ್ಕು ತಿರುಗಿಸಲು ಇಟ್ಟಿದ್ದ ಹಲಗೆ ಟಕ್ ಅಂತ ಎಡಕ್ಕೆ ಹೊರಳಿತು. ಬಲಕ್ಕೆ ತಳ್ಳಿದೆ. ಟಕ್ ಅಂತ ಬಲಕ್ಕೆ ಬಂತು. ಆಗ ಹೊಳೆಯಿತು ನನಗೆ. ಎಂಜಿನ್ನಿನ ಹೊಸ ಕಿಡಿಯ ಗದ್ದಲಕ್ಕೆ, ಸಿರಾ ಬಜಾರಿನ ರೇಡಿಯೋಗಳ ಹಾಗೆ, ವಿಮಾನದೊಳಗಿನ ರೇಡಿಯೋ ಕಿವುಡಾಗಿತ್ತು. ಎಂಜಿನ್ ನಿಂತ ಮೇಲೆ ಈಗ ನಾನು ಹೇಳಿದ್ದೆಲ್ಲ ಕೇಳುತ್ತಿದೆ. ಆಕಾಶದಲ್ಲಿ ಒಂದು ಮಾತೂ ಕೇಳದ್ದು, ಕತ್ತೆಗಳ ನಡುವೆ ಕಟ್ಟಿಹಾಕಿದ ಮೇಲೆ ಇಷ್ಟು ವಿಧೇಯವಾಗಿದೆ. ಅಳು ಬಂತೋ ನಗು ಬಂತೋ ನನಗೇ ತಿಳಿಯಲಿಲ್ಲ. ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಆಡಿಸುತ್ತಲೇ ನಿಂತೆ.

ದೊಡ್ಡಿಯವನು ಟವೆಲ್ಲನ್ನು ಹೆಗಲಿಂದ ತೆಗೆದು, ಕಣ್ಣಂಚು ಒರೆಸಿಕೊಂಡ.

"ಚಾಲು ಸಾರ್, ಸಾಕು. ಯಜಮಾನನ್ನ ನೋಡಿ ಬಾಲ ಆಡಿಸ್ತಾ ಐತೆ. ನಿಮ್ಮದೇ, ಹೊಡ್ಕೊಂಡು ಹೋಗಿ," ಅಂದು ತಾನೇ ಬಗ್ಗಿ ಹಗ್ಗ ಬಿಚ್ಚಿದ. ಬಿಚ್ಚಿ, ವಿಮಾನದ ಬೆನ್ನು ತಟ್ಟಿ, ನನ್ನ ಕಡೆ ತಿರುಗಿ ಬಹಳ ಕಾಳಜಿಯಿಂದ ಹೇಳಿದ.

"ಒಳ್ಳೇ ಪಶು. ಆದ್ರೆ ವಯಸ್ಸಿಗೆ ಬಂದೈತೆ ಸಾರ್, ಹಿಂಗೇ ಬಿಡಬಾರ್ದು. ಮೊದ್ಲು ಮೂಗುದಾರ ಹಾಕ್ಸಿ."